ನಿಮ್ಮ ಉಕ್ಕಿನ ಲೇಖನದ ಮೂರನೇ ಪ್ಯಾರಾ

ನಮಸ್ಕಾರ. ಚೀನಾದ ಉಕ್ಕು ಮತ್ತು ನಮ್ಮ ಆಮದು ಸುಂಕದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ತೋರಣಗಲ್ಲಿನ ಕುಲುಮೆಯಿಂದ ಶುರು ಮಾಡಿದ್ದು ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಈಗಿರುವ ಹಾಗೆ ಇದನ್ನು ಹಾಕುವುದಿಲ್ಲ.

ನನಗೆ ಸಿಟ್ಟು ಬಂದದ್ದು ಮೂರನೇ ಪ್ಯಾರಾದಲ್ಲಿ. ಮೊದಲ ಸಾಲು ನೋಡಿ: "ಚೀನಾದ ಉಕ್ಕನ್ನು ತಡೆಯಲು ಸರ್ಕಾರ 2025ರ ಏಪ್ರಿಲ್‌ನಲ್ಲಿ ಶೇ 12ರಷ್ಟು ಆಂಟಿ ಡಂಪಿಂಗ್ ಸುಂಕ ಹಾಕಿತು." ತಿಂಗಳು ಸರಿ, ಶೇ 12 ಸರಿ, ಸುಂಕವೇ ಬೇರೆ. ಅದು ಸೇಫ್‌ಗಾರ್ಡ್ ಸುಂಕ. 200 ದಿನಕ್ಕೆ ಅಂತ ತಾತ್ಕಾಲಿಕವಾಗಿ ಹಾಕಿದ್ದು. ಸೇಫ್‌ಗಾರ್ಡ್‌ಗೆ ಯಾರೂ ತಪ್ಪು ಮಾಡಿರಬೇಕಾಗಿಲ್ಲ. ಆಮದು ದಿಢೀರನೆ ಏರಿ ಇಲ್ಲಿನ ಮಿಲ್‌ಗಳಿಗೆ ಪೆಟ್ಟು ಬಿದ್ದರೆ ಸಾಕು. ಹಾಗಾಗಿ ಜಪಾನ್, ಕೊರಿಯಾದ ಮಾಲೂ ಅದರಲ್ಲಿ ಸಿಕ್ಕಿಬಿತ್ತು. ಹಾಟ್ ರೋಲ್ಡ್ ಕಾಯಿಲ್, ಅಂದರೆ ಕಾಯಿಸಿ ಚಪ್ಪಟೆ ಮಾಡಿ ಸುರುಳಿ ಸುತ್ತಿದ ಉಕ್ಕಿನ ಹಾಳೆ, ಟನ್ನಿಗೆ 675 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಗೆ ಬಂದರೆ ಆ ಸುಂಕ ಇರಲೇ ಇಲ್ಲ. ಈ ಒಂದು ಸಂಗತಿಯೇ ಒಳ್ಳೆಯ ಲೇಖನ ಆಗುತ್ತಿತ್ತು. ನೀವು ಮುಟ್ಟಲೇ ಇಲ್ಲ.

ಎರಡನೇ ಸಾಲು: "ಡಂಪಿಂಗ್ ಎಂದರೆ ಅಗ್ಗಕ್ಕೆ ಮಾರುವುದು." ಯಾವುದಕ್ಕಿಂತ ಅಗ್ಗ? ಸುಮ್ನೆ ಅಗ್ಗಕ್ಕೆ ಮಾರುವುದು ವ್ಯಾಪಾರ, ಅಪರಾಧ ಅಲ್ಲ. ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಹೊರಗೆ ಮಾರಿದರೆ ಡಂಪಿಂಗ್. ಅದರಿಂದಲೇ ಇಲ್ಲಿನ ಉದ್ಯಮಕ್ಕೆ ಹಾನಿ ಆಯಿತು ಅಂತಲೂ ತೋರಿಸಬೇಕು. ವಾಣಿಜ್ಯ ಸಚಿವಾಲಯದ ಡಿಜಿಟಿಆರ್ ಅನ್ನುವ ವಿಭಾಗ ಇಂಥ ದೂರುಗಳ ತನಿಖೆ ಮಾಡಿ ಶಿಫಾರಸು ಕೊಡುತ್ತದೆ, ಸುಂಕ ಹಾಕುವುದು ಹಣಕಾಸು ಸಚಿವಾಲಯ. ಲೆಕ್ಕ ಕಂಪನಿವಾರು ನಡೆಯುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ವಿಯೆಟ್ನಾಂನ ಹಾಟ್ ರೋಲ್ಡ್ ಉಕ್ಕಿಗೆ ಟನ್ನಿಗೆ 121.55 ಡಾಲರ್ ಸುಂಕ ಬಿತ್ತು, ಅಲ್ಲಿನ ಒಂದು ದೊಡ್ಡ ಕಂಪನಿಯ ಮಾಲಿಗೆ ಮಾತ್ರ ಬೀಳಲಿಲ್ಲ. ಇದು ಆಂಟಿ ಡಂಪಿಂಗ್.

ಮೂರನೇ ಸಾಲಿಗೆ ಪೆನ್ನು ಕೆಳಗಿಟ್ಟೆ. "ಇನ್ನು ಚೀನಾ ಕೋಟಿಗಟ್ಟಲೆ ಸುಂಕ ಕಟ್ಟಬೇಕು." ಚೀನಾ ಯಾಕೆ ಕಟ್ಟುತ್ತದೆ ಮಾರಾಯ್ರೆ? ಬಂದರಿನಲ್ಲಿ ಮಾಲು ಬಿಡಿಸಿಕೊಳ್ಳುವ ಇಲ್ಲಿನ ಆಮದುದಾರ ಕಟ್ಟುತ್ತಾನೆ. ಮಾರುವವನು ಬೆಲೆ ಇಳಿಸಿ ಸ್ವಲ್ಪ ಭಾರ ಹೊರಬಹುದು, ಅದು ಬೇರೆ ಮಾತು. ಇನ್ನೊಂದು ವಿಷಯ ಇದೆ. ಹೊರಗಿನ ಉಕ್ಕು ತುಟ್ಟಿ ಆದಾಗ ಒಳಗಿನ ಮಿಲ್‌ಗಳಿಗೂ ಬೆಲೆ ಏರಿಸಲು ಜಾಗ ಸಿಗುತ್ತದೆ. ಉಕ್ಕು ಕತ್ತರಿಸಿ, ಬೆಸೆದು ಸಾಮಾನು ಮಾಡುವ, ಆಮದು ಮಾಲನ್ನು ಕಣ್ಣಲ್ಲೂ ನೋಡದ ಫ್ಯಾಬ್ರಿಕೇಟರ್ ಕೂಡ ಜಾಸ್ತಿ ತೆರುತ್ತಾನೆ. ಆಮದು ಮಾಲಿನ ಸುಂಕ ಸರ್ಕಾರಕ್ಕೆ ಹೋಗುತ್ತದೆ, ಇವನು ತೆತ್ತ ಹೆಚ್ಚುವರಿ ಹಣ ಮಿಲ್‌ಗೆ. 2002ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಆಮದು ಉಕ್ಕಿಗೆ ಶೇ 30ರವರೆಗೆ ಸುಂಕ ಹಾಕಿದಾಗ ಅಮೆರಿಕದಲ್ಲೇ ಉಕ್ಕು ಕೊಳ್ಳುವ ಕಾರ್ಖಾನೆಗಳು ಗಲಾಟೆ ಮಾಡಿದ್ದು ಇದಕ್ಕೇ. ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಸೋತ ಮೇಲೆ 2003ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು.

ನಾನು ಕೆಲಸ ಕಲಿತದ್ದು ಒಂದು ಪತ್ರಿಕೆಯ ವಾಣಿಜ್ಯ ಪುಟದಲ್ಲಿ. ತೆರಿಗೆ ಸುದ್ದಿ ಬರೆದು ಕೊಟ್ಟರೆ ಅಲ್ಲಿನ ಹಿರಿಯರು ಓದುವ ಮೊದಲೇ "ಬಿಲ್ ಯಾರ ಹೆಸರಿಗೆ?" ಅಂತ ಕೇಳುತ್ತಿದ್ದರು. ಗೊತ್ತಿಲ್ಲ ಅಂದರೆ ಹೋಗಿ ನೋಡಿಕೊಂಡು ಬಾ ಅನ್ನುತ್ತಿದ್ದರು. ಕಬ್ಬಿಣದ ಅಂಗಡಿಯವರು ನನ್ನನ್ನು ಟ್ಯಾಕ್ಸ್ ಇಲಾಖೆಯವನು ಅಂದುಕೊಂಡು ಬಿಲ್ ಬುಕ್ ಒಳಗೆ ಸೇರಿಸುತ್ತಿದ್ದರು. ಮೊದಲು ಟೀ ಕುಡಿದು, ಆಮೇಲೆ ರೇಟು ಕೇಳಬೇಕು ಅನ್ನುವುದನ್ನು ಹಾಗೇ ಕಲಿತೆ. ಒಂದೇ ಸೈಜಿನ ಆಂಗಲ್‌ಗೆ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಹಳೇ ಸ್ಟಾಕ್ ರೇಟು, ಹೊಸ ಸ್ಟಾಕ್ ರೇಟು ಅಂತ ಎರಡು ಇರುತ್ತಿತ್ತು. ನನ್ನ ಸುದ್ದಿ ಆ ಎರಡರ ನಡುವೆ ಇರುತ್ತಿತ್ತು.

ನೀವು ಬೆಂಗಳೂರಿನವರೇ ಅಲ್ವಾ? ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗಿ. ಶೀಟ್ ಬಗ್ಗಿಸಿ ಪ್ಯಾನೆಲ್ ಮಾಡುವ ಸಣ್ಣ ಶೆಡ್‌ನವರ ಹತ್ತಿರ ಕೂತು ಸುಂಕ ಬರುವ ಮುಂಚಿನ ಮತ್ತು ಆಮೇಲಿನ ಖರೀದಿ ರೇಟು ಬರೆದುಕೊಳ್ಳಿ. ಮಿಲ್‌ನವರ ಮಾತೂ ಕೇಳಿ, ಅವರ ನಷ್ಟ ಸುಳ್ಳಲ್ಲ. ಚೀನಾ ಒಂದೇ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಉಕ್ಕು ಮಾಡುತ್ತದೆ. ಮೂರನೇ ಪ್ಯಾರಾ ಹೊಸದಾಗಿ ಬರೆದ ಮೇಲೆ ಕಳಿಸಿ. ಉಳಿದ ಪ್ಯಾರಾಗಳ ಮಾತು ಆಮೇಲೆ.