ಚೀನೀ ಚಾವಣಿಗೆ ಬಾಗು ಬರುತ್ತಿಲ್ಲವೇ?
ಚೀನಾದ ಸಾಂಗ್ ರಾಜವಂಶದ ಕಾಲದ ಅರಮನೆಯ ಮರದ ಮಾದರಿ ಮಾಡಿದರೂ ಚಾವಣಿ ನಮ್ಮ ಹೆಂಚಿನ ಮನೆ ಥರ ಕಾಣ್ತಿದೆ ಅಂದಿರಲ್ಲ, ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದನೆಯ ಪಕ್ಕಾಸು ಹಾಕಿರಬೇಕು. ಫೋಟೋ ನೋಡದೆ ಇಷ್ಟೇ ಹೇಳಬಹುದು. ಸಾಂಗ್ ಚಾವಣಿಯಲ್ಲಿ ಪಕ್ಕಾಸು ತುಂಡು ತುಂಡು, ಒಂದು ಅಡ್ಡತೊಲೆಯಿಂದ ಮುಂದಿನದಕ್ಕೆ ಮಾತ್ರ; ಹಾಗಾಗಿ ಪ್ರತಿ ತೊಲೆಯಲ್ಲಿ ಇಳಿಜಾರು ಬದಲಾಗಿ ಬಾಗು ಬರುತ್ತೆ.

ನಿಮ್ಮ ಉದ್ದನೆಯ ಪಕ್ಕಾಸುಗಳನ್ನು ಬಿಚ್ಚಿ, ಮೊದಲು ಅಡ್ಡಸೀಳಿನ ಚಿತ್ರ ಬರೆಯಿರಿ. ಸಾಂಗ್ ಕಾಲದ ಕಟ್ಟಡ ನಿಯಮಗಳ ಪುಸ್ತಕವಾದ 1103ರ ‘ಯಿಂಗ್‌ಜಾವೊ ಫಾಶಿ’ಯ ಲೆಕ್ಕದಲ್ಲಿ ಹಿಂದೆ ಮುಂದಿನ ಸೂರುತೊಲೆಗಳ ನಡುವಿನ ಅಂತರದ 1/3 ಭಾಗ ಚಾವಣಿಯ ಎತ್ತರ. ಇದು ಅರಮನೆ ದರ್ಜೆಗೆ ಮಾತ್ರ, ಅಲ್ಲಿ ಎತ್ತರವೂ ಅಂತಸ್ತಿನ ವಿಷಯ ಅಲ್ವಾ! ನೆತ್ತಿಯಿಂದ ಸೂರುತೊಲೆಗೆ ಗೆರೆ ಎಳೆದು, ನೆತ್ತಿಯ ಕೆಳಗಿನ ಮೊದಲ ತೊಲೆಯನ್ನು ಗೆರೆಗಿಂತ ಆ ಎತ್ತರದ 1/10 ಕೆಳಗಿಳಿಸಿ. ಇಳಿಸಿದ ಜಾಗದಿಂದ ಸೂರಿಗೆ ಹೊಸ ಗೆರೆ ಎಳೆದು, ಮುಂದಿನ ತೊಲೆ 1/20 ಕೆಳಗೆ, ಆಮೇಲೆ 1/40. ಪ್ರತಿ ಸಲ ಹೊಸ ಗೆರೆಯಿಂದಲೇ ಅಳೆಯಿರಿ.