ಮಳೆಗಾಲದಲ್ಲಿ ಹಸಿ ಕಸಕ್ಕೆ ಏನು ಮಾಡುವುದು?

ಪ್ರಶ್ನೆ: ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಹೆಚ್ಚು. ಕಸದ ಗಾಡಿ ಬರುವ ಹೊತ್ತಿಗೆ ಎಲ್ಲರೂ ಬೀಗ ಹಾಕಿ ಹೊರಟಿರುತ್ತೇವೆ. ಟ್ರಾನ್ಸ್‌ಫಾರ್ಮರ್ ಕೆಳಗೆ ಕವರುಗಳ ರಾಶಿ, ನಾಯಿಗಳ ಕಾಟ. ಮನೆಯಲ್ಲೇ ಗೊಬ್ಬರ ಮಾಡೋಣವೆಂದರೆ ಆಷಾಢದ ಮಳೆಗೆ ಡ್ರಮ್ ನಾರುತ್ತದೆ, ಹುಳ ಬೇರೆ. ದಾರಿ ಇದೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಇದೆ. ಮೂಲೆಯಲ್ಲಿ ಕಸ ಹಾಕುವವರನ್ನೆಲ್ಲ ಸೋಮಾರಿಗಳೆಂದು ಬೈಯುವುದನ್ನು ನಾನು ಒಪ್ಪುವುದಿಲ್ಲ. ನಾರುವ ಹಸಿ ಕಸವನ್ನು ಮನೆಯೊಳಗೆ ಇಟ್ಟುಕೊಳ್ಳಲು ಯಾರಿಂದಲೂ ಆಗದು. ಅದೊಂದು ಹಿತ್ತಲಲ್ಲೇ ಕರಗಿದರೆ, ಒಣ ಕಸ ವಾರಗಟ್ಟಲೆ ಚೀಲದಲ್ಲಿದ್ದರೂ ತೊಂದರೆಯಿಲ್ಲ.

ಡ್ರಮ್ ನಾರುವುದು ಗಾಳಿ ಸಾಲದೆ. ಹಾಸನದಲ್ಲಿ ನಮ್ಮ ಹಿತ್ತಲಿನ ಡ್ರಮ್ಮನ್ನು ಇಟ್ಟಿಗೆಯ ಮೇಲೆ ಕೂರಿಸಿದ್ದೇವೆ. ತಳಕ್ಕೂ ಪಕ್ಕಕ್ಕೂ ತೂತು, ಮೇಲೆ ತಗಡು. ಒಂದು ಬಟ್ಟಲು ತರಕಾರಿ ಸಿಪ್ಪೆಗೆ ಎರಡು ಬಟ್ಟಲು ಒಣ ತರಗೆಲೆ. ನಿಮ್ಮ ಕಡೆ ಸಿಲ್ವರ್ ಓಕ್ ಎಲೆಗೇನು ಬರ? ಬೇಸಿಗೆಯಲ್ಲೇ ಗೋಣಿಚೀಲಕ್ಕೆ ತುಂಬಿ ಒಳಗಿಡಿ. ಅನ್ನ, ಪಲ್ಯ ಉಳಿದರೆ ನೀರು ಬಸಿದು ಹಾಕಿ. ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಆ ದಪ್ಪ ಹುಳಗಳು ಬಹುತೇಕ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನೇ ತಿಂದು ನಿಮ್ಮ ಕೆಲಸ ಹಗುರ ಮಾಡುತ್ತವೆ. ವಿಪರೀತ ಕಂಡರೆ ಎಲೆ ಹೆಚ್ಚಿಸಿ ಮಗುಚಿ. ಎರಡು ಮೂರು ತಿಂಗಳಿಗೆ ಗೊಬ್ಬರವಾಗುತ್ತದೆ.

ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಚೂರು ಅಂಟಿಕೊಂಡೇ ಇರಲಿ. ಬಿಡಿ ಚೂರು ಆಯುವವರ ಕೈಗೆ ಸಿಗದೆ ಮಣ್ಣು ಸೇರುತ್ತದೆ. ಪ್ಯಾಡ್, ಡಯಾಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪ್ಲಾಸ್ಟಿಕ್ ಕವರು ಬಚ್ಚಲೊಲೆ ಸೇರುತ್ತದೆ. ದಯವಿಟ್ಟು ಇದನ್ನು ಬಿಡಿ! ಅದರ ವಿಷದ ಹೊಗೆಯನ್ನು ಒಲೆ ಮುಂದೆ ಕೂತವರು ಕುಡಿಯುತ್ತಾರೆ, ಬೂದಿ ಗಿಡದ ಬುಡಕ್ಕೆ ಹೋಗುತ್ತದೆ.

ಇನ್ನು ಬೀದಿಯ ಮಾತು. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದವು. ನಿಯಮ ತೋರಿಸಿದರೆ ಜಗಳವಾಗುತ್ತದೆ, ಕೆಲಸವಾಗುವುದಿಲ್ಲ. ನಾಲ್ಕೈದು ಮನೆಯವರು ಒಟ್ಟಾಗಿ, ಹಗಲು ಮನೆಯಲ್ಲಿರುವ ಹಿರಿಯರೊಬ್ಬರನ್ನು ಕೇಳಿಕೊಳ್ಳಿ. ಒಣ ಕಸದ ಚೀಲಗಳು ಅವರ ಗೇಟಿನೊಳಗಿರಲಿ, ಗಾಡಿ ಬಂದಾಗ ಅವರು ಕೊಡಲಿ. ಅವರ ಹಸಿ ಕಸ ನಿಮ್ಮ ಡ್ರಮ್ಮಿಗೆ ಬರಲಿ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ಇದನ್ನು ನಡೆಸುತ್ತಿದ್ದಾರೆ. ಅವರು ಊರಿಗೆ ಹೋದರೆ ಎದುರು ಮನೆಯವರು. ಟ್ರಾನ್ಸ್‌ಫಾರ್ಮರ್ ಕೆಳಗಿನ ರಾಶಿಗೆ ನೀವೇ ಕೈ ಹಾಕಬೇಡಿ, ಪೌರಕಾರ್ಮಿಕರ ಮೇಸ್ತ್ರಿಗೆ ಹೇಳಿ ತೆಗೆಸಿ. ಅದಕ್ಕೆ ಮೊದಲೇ ಗೇಟಿನ ಏರ್ಪಾಡು ಆಗಿರಬೇಕು. ಇಲ್ಲದಿದ್ದರೆ ಮರುದಿನವೇ ಅಲ್ಲಿ ಮತ್ತೆ ಕವರು ಬೀಳುತ್ತದೆ.