ಹಳೇ ಮಾರುತಿಗೆ ಮನೆಯಲ್ಲೇ ಬಣ್ಣ: ಎಷ್ಟು ಉಜ್ಜಬೇಕು?

‘2003ರ ಮಾರುತಿ 800. ಬಾನೆಟ್ ಮಂಕಾಗಿದೆ, ಹಿಂದಿನ ಚಕ್ರದ ಮೇಲೆ ತುಕ್ಕು, ಬಾಗಿಲಲ್ಲಿ ಎರಡು ಡೆಂಟು. ಮನೆಯಲ್ಲೇ ಪೇಂಟ್ ಮಾಡೋಣ ಅಂತಿದ್ದೇನೆ. ಇಡೀ ಗಾಡಿಯನ್ನು ತಗಡು ಕಾಣುವವರೆಗೂ ಉಜ್ಜಬೇಕಾ? ಯಾವ ನಂಬರ್ ಪೇಪರ್ ತರಲಿ?’ ಅಂತ ಕೇಳಿದ್ದೀರಿ.

ಖಂಡಿತ ಬೇಡ. ಫ್ಯಾಕ್ಟರಿಯಲ್ಲಿ ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಪ್ರೈಮರ್ ಕೂರಿಸಿರುತ್ತಾರೆ. ಆಮೇಲೆ ಓವನ್ನಿನಲ್ಲಿ ಬೇಯಿಸುತ್ತಾರೆ. ಅಷ್ಟು ಗಟ್ಟಿಯಾದ ಪದರ ನಮ್ಮ ನಿಮ್ಮ ಶೆಡ್ಡಿನಲ್ಲಿ ಬರುವುದಿಲ್ಲ. ಬಣ್ಣವೂ ಸೇರಿ ಎಲ್ಲ ಪದರಗಳ ದಪ್ಪ ಸುಮಾರು 100ರಿಂದ 130 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಝೆರಾಕ್ಸ್ ಹಾಳೆಯಷ್ಟು. ಹುಮ್ಮಸ್ಸಿನಲ್ಲಿ ಉಜ್ಜುತ್ತಾ ಹೋದರೆ ಎರಡೇ ನಿಮಿಷದಲ್ಲಿ ತಗಡು ಹಣಕುತ್ತದೆ. ತಗಡು ಕಾಣಬೇಕಾದದ್ದು ತುಕ್ಕು ಇರುವಲ್ಲಿ, ಡೆಂಟ್ ಇರುವಲ್ಲಿ, ಬಣ್ಣ ಸಿಪ್ಪೆ ಏಳುವಲ್ಲಿ ಮಾತ್ರ. ಉಳಿದ ಕಡೆ ಹೊಳಪು ಹೋಗಿ ಹಾಲುಗಾಜಿನ ಹಾಗೆ ಮಂಕಾದರೆ ಸಾಕು.

ಪೇಪರ್ ಮುಟ್ಟುವ ಮುಂಚೆ ಎರಡು ಕೆಲಸ ಇವೆ. ಒಂದು, ತಿನ್ನರ್ ಅದ್ದಿದ ಬಿಳಿ ಬಟ್ಟೆಯನ್ನು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಬಟ್ಟೆಗೆ ಬಣ್ಣ ಇಳಿದರೆ ಯಾರೋ ನಡುವೆ ಎನ್‌ಸಿ ಪೇಂಟ್ (ತಿನ್ನರಿಗೆ ಕರಗುವ ನೈಟ್ರೋಸೆಲ್ಯುಲೋಸ್ ಬಣ್ಣ) ಹೊಡೆಸಿದ್ದಾರೆ ಎಂದರ್ಥ. ಅದರ ಮೇಲೆ ಪಿಯು (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ) ಹೊಡೆದರೆ ಕೆಳಗಿನದು ಕರಗಿ ಸುಕ್ಕುಗಟ್ಟುವ ಸಾಧ್ಯತೆ ಹೆಚ್ಚು. ಅಂಥ ಪದರವನ್ನು ಪೂರ್ತಿ ತೆಗೆಯಬೇಕು. ಇನ್ನೊಂದು, ಗಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಿಕ್ಕಿ ತೊಳೆದು, ಒಣಗಿದ ಮೇಲೆ ವ್ಯಾಕ್ಸ್ ತೆಗೆಯುವ ದ್ರಾವಣದಲ್ಲಿ ಒರೆಸಬೇಕು. ಇದನ್ನು ಉಜ್ಜುವುದಕ್ಕಿಂತ ಮೊದಲೇ ಮಾಡಿ. ಪಾಲಿಶ್‌ನ ಜಿಡ್ಡು ಉಳಿದಿದ್ದರೆ ಪೇಪರ್ ಅದನ್ನು ಗೀರುಗಳೊಳಗೆ ತುಂಬುತ್ತದೆ. ಮುಂದೆ ಬಣ್ಣ ಹೊಡೆದಾಗ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಪೆಟ್ರೋಲಿನಲ್ಲಿ ಒರೆಸುವವರಿದ್ದಾರೆ. ಅದು ತಾನೇ ಜಿಡ್ಡು ಬಿಟ್ಟು ಹೋಗುತ್ತದೆ, ಬೆಂಕಿಯ ಭಯ ಬೇರೆ.

ಲೈಟು, ಹ್ಯಾಂಡಲ್, ಬೀಡಿಂಗ್ ಬಿಚ್ಚಲಾದರೆ ಬಿಚ್ಚಿಬಿಡಿ. 800ರಲ್ಲಿ ನಾಲ್ಕಾರು ಸ್ಕ್ರೂ ಅಷ್ಟೆ. ಬಿಚ್ಚದೆ ಟೇಪ್ ಸುತ್ತಿದ ಕಡೆಯಿಂದಲೇ ಆರು ತಿಂಗಳಲ್ಲಿ ಬಣ್ಣ ಎದ್ದುಬರುವುದು.

ಈಗ ತುಕ್ಕು. ನನ್ನ ಮೊದಲ ಗಾಡಿಯಲ್ಲಿ ನಾನು ಸೋತದ್ದೇ ಇಲ್ಲಿ. ನಮ್ಮದು ಮಲೆನಾಡು, ಚಕ್ರದ ಕಮಾನಿನ ಒಳಗೆ ಕೆಸರು ಕೂತು ಒಳಗಿನಿಂದಲೇ ತಿನ್ನುತ್ತದೆ. ಮೇಲೆ ಕಾಣುವ ಗುಳ್ಳೆ ಬೆರಳುಗುರಿನಷ್ಟಿದ್ದರೆ ಕೆಳಗೆ ಅಂಗೈಯಗಲ ಇರುತ್ತದೆ. ನಾನು 80ರ ಪೇಪರಿನಲ್ಲಿ (ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು) ನಾಲ್ಕು ಸಲ ಎಳೆದು, ಪುಟ್ಟಿ ಮೆತ್ತಿದೆ. ಸಾಲದ್ದಕ್ಕೆ ಆ ಪುಟ್ಟಿಯನ್ನು ನೀರು ಹಾಕಿಕೊಂಡು ಉಜ್ಜಿದೆ. ಬಾಡಿ ಪುಟ್ಟಿ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ದೀಪಾವಳಿಗೆ ಮಿರಮಿರ ಮಿಂಚಿದ ಗಾಡಿ ಮುಂದಿನ ಆಷಾಢದಲ್ಲಿ ಹಪ್ಪಳದ ಹಾಗೆ ಉಬ್ಬಿತು. ಆದ್ದರಿಂದ ತುಕ್ಕನ್ನು ಬೆಳ್ಳಗಿನ ತಗಡು ಸಿಗುವವರೆಗೆ ತೆಗೆಯಿರಿ, ಸಣ್ಣ ಕುಳಿಗಳಲ್ಲಿ ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ಹಚ್ಚಿ. ಸ್ಕ್ರೂಡ್ರೈವರಿನಲ್ಲಿ ಚುಚ್ಚಿದಾಗ ತೂತಾದರೆ ಅದು ಟಿಂಕರಿಂಗ್‌ನವರ ಕೆಲಸ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು.

ಡೆಂಟ್ ತುಂಬಲು ಪುಟ್ಟಿ ಕಲೆಸುವಾಗ ನಿಂಬೆಹಣ್ಣಿನಷ್ಟಕ್ಕೆ ಕಡಲೆಕಾಳಿನಷ್ಟು ಹಾರ್ಡನರ್, ತೂಕದಲ್ಲಿ ಶೇ. 2ರ ಆಸುಪಾಸು. ಬಿಸಿಲಿನ ದಿನ ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಸ್ವಲ್ಪಸ್ವಲ್ಪವೇ ಕಲೆಸಿ. ಒಣಗಿದ ಮೇಲೆ 80, 180, 320, ಎಲ್ಲವೂ ಒಣ ಉಜ್ಜು. ಬರಿಬೆರಳಲ್ಲಿ ಪೇಪರ್ ಹಿಡಿದರೆ ಬೆರಳಿನ ಗಾತ್ರದ ಹಳ್ಳಗಳು ಬೀಳುತ್ತವೆ. ದೊಡ್ಡ ಸಮತಟ್ಟಿಗೆ ಮರದ ತುಂಡಿಗೆ ಪೇಪರ್ ಸುತ್ತಿ, ಬಾಗಿದ ಕಡೆಗೆ ಹಳೇ ಹವಾಯಿ ಚಪ್ಪಲಿಯನ್ನು ಕೊಯ್ದು ಬಳಸಿ. ಅಂಗಡಿಯ ರಬ್ಬರ್ ಬ್ಲಾಕಿಗಿಂತ ಚಪ್ಪಲಿಯೇ ನನಗೆ ಇಷ್ಟ. ಸಮ ಆಯಿತೋ ಇಲ್ಲವೋ ಅನ್ನುವುದನ್ನು ಕಣ್ಣಿಂದ ನೋಡಬೇಡಿ. ತೆಳು ಪಂಚೆಯ ತುಂಡನ್ನು ಮೇಲಿಟ್ಟು ಕಣ್ಣು ಮುಚ್ಚಿ ಅಂಗೈ ಸವರಿ. ಬೋಳು ಕೈಗೆ ಸಿಗದ ಏರಿಳಿತ ಬಟ್ಟೆಯ ಮೇಲಿಂದ ಸಿಗುತ್ತದೆ. ಹಳೇ ಬಣ್ಣದ ಅಂಚು ಮೆಟ್ಟಿಲಿನ ಹಾಗೆ ನಿಲ್ಲಬಾರದು. ಬಣ್ಣ, ಪ್ರೈಮರ್, ತಗಡು ಒಂದಾದ ಮೇಲೊಂದು ಅಗಲವಾದ ಬಳೆಗಳಂತೆ ಕಾಣುವ ತನಕ ಇಳಿಜಾರು ಮಾಡಿ.

ತಗಡು ಕಂಡ ಕಡೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ನಮ್ಮ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೂ ಕೆಂಪಗಾಗುತ್ತದೆ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಮಾತ್ರ ಬೇಡ, ಮೇಲಿನ ಬಣ್ಣದ ತಿನ್ನರಿಗೆ ಅದು ಸುಕ್ಕಾಗಿ ಏಳುತ್ತದೆ. ಪುಟ್ಟಿಯ ಜಾಗಕ್ಕೆಲ್ಲ ಸರ್ಫೇಸರ್ (ಸಣ್ಣ ಗೀರು ತುಂಬುವ ದಪ್ಪ ಪ್ರೈಮರ್) ಕೊಟ್ಟು, ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಹನಿಹನಿಯಾಗಿ ಚಿಮುಕಿಸಿ. ಆಮೇಲೆ ವಾಟರ್ ಪೇಪರಿನಲ್ಲಿ ಉಜ್ಜಿದರೆ ಕಪ್ಪು ಉಳಿದ ಜಾಗ ಹಳ್ಳ, ಬೇಗ ಸವೆದದ್ದು ದಿಬ್ಬ. ಪೇಪರನ್ನು ಹದಿನೈದು ನಿಮಿಷ ಬಕೆಟ್ಟಿನಲ್ಲಿ ನೆನೆಸಿ, ಎರಡು ತೊಟ್ಟು ಶಾಂಪೂ ಹಾಕಿಕೊಳ್ಳಿ. ಗಟ್ಟಿಯಿರುವ ಹಳೇ ಬಣ್ಣಕ್ಕೂ ಇದೇ ಉಜ್ಜು. ಬಿಳಿ, ಕೆಂಪಿನಂಥ ಸಾದಾ ಬಣ್ಣಕ್ಕೆ 600, ಮೆಟಾಲಿಕ್ ಆದರೆ 800ಕ್ಕೆ ನಿಲ್ಲಿಸಿ. ನುಣುಪಾದಷ್ಟೂ ಒಳ್ಳೆಯದೆಂದು 2000ಕ್ಕೆ ಹೋದರೆ ಬಣ್ಣಕ್ಕೆ ಹಿಡಿತವೇ ಇರದು. ಬಾನೆಟ್ಟಿನ ಅಂಚು, ಬಾಗಿಲ ಗೆರೆಗಳ ಮೇಲೆ ಬಣ್ಣ ತೆಳು. ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿಕೊಂಡು ಸುತ್ತಲೂ ಉಜ್ಜಿ, ಕೊನೆಗೆ ಟೇಪ್ ಕಿತ್ತು ಕೈಯಲ್ಲಿ ಮೆಲ್ಲಗೆ ಎರಡು ಸಲ ಎಳೆಯಿರಿ.

ಉಜ್ಜುವಾಗ ಎನ್95 ಮಾಸ್ಕ್ ಸಾಕು. ಪಿಯು ಹೊಡೆಯಲು ಅದು ಸಾಲದು. ಪಿಯು ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಸಿರಿಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕೇ ಬೇಕು. ಹಾಗಾಗಿ ನಾನು ಎರಡನೇ ಸಲ ಉಜ್ಜುವುದೆಲ್ಲ ಮನೆಯಲ್ಲಿ ಮುಗಿಸಿ, ಗಾಡಿಯನ್ನು ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಪೇಂಟರ್ ಹತ್ತಿರ ಒಯ್ದೆ. ಆತ ಬಾಗಿಲ ಮೇಲೆ ಕೈಯಾಡಿಸಿ ‘ಯಾರ್ ಉಜ್ಜಿದ್ದು ಸಾರ್?’ ಅಂದ. ಹೊಗಳಿಕೆ ಅಂದುಕೊಂಡೆ. ಹ್ಯಾಂಡಲ್ ಕೆಳಗೆ ಒಂದು ಹಳ್ಳ ಉಳಿಸಿದ್ದೆ.